ಮುಂದಿನ ಲಾಟು

ಕಮಲಾತಾಳ್ ಅವರ ಮೇಜಿನ ಮೇಲೆ ಗೋಡೆ ಕ್ಯಾಲೆಂಡರಿನಿಂದ ಹರಿದ ಹಾಳೆಗಳ ಒಂದು ಕಟ್ಟು ಸದಾ ಇರುತ್ತದೆ. ದಿನಕ್ಕೊಂದು ಕಿತ್ತು ಬಿಸಾಡುವಂಥ ಹಾಳೆಗಳು. ಅವರು ಬಿಸಾಡುವುದಿಲ್ಲ. ಒಂದು ಮಗ್ಗುಲಲ್ಲಿ ರಾಹುಕಾಲ, ಇನ್ನೊಂದು ಮಗ್ಗುಲಲ್ಲಿ ಜಾವಾ. ಯಾವ ಪ್ರೋಗ್ರಾಂ ಬರೆದರೂ ಮೊದಲು ಆ ಹಾಳೆಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಮೂರು ಸಾಲು ಬರೆದುಕೊಂಡು, ಕಂಪ್ಯೂಟರು ಮಾಡಬೇಕಾದ್ದನ್ನೆಲ್ಲ ತಾವೇ ಒಂದೊಂದಾಗಿ ಮಾಡಿ ನೋಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ‘ಕೈಯಲ್ಲಿ ಓಡಿಸೋದು’.

“ಮಿಷಿನ್ನು ಅಪ್ಪುರಂ ಓಡ್ಲಿ ಅಮ್ಮಿಣಿ. ಮೊದ್ಲು ಕೈಯಲ್ಲಿ ಓಡ್ಸು,” ಎನ್ನುತ್ತಾರೆ. ಅಪ್ಪುರಂ ಎಂದರೆ ಆಮೇಲೆ. ಅಮ್ಮಿಣಿ ಎಂದರೆ ನಾನು. ಈ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ.

ನಾನು ಧನಶ್ರೀ, ದಾವಣಗೆರೆಯವಳು. ನಮ್ಮೂರನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು, ಕೊಯಮತ್ತೂರನ್ನು ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎನ್ನುತ್ತಾರೆ. ಒಂದು ಮ್ಯಾಂಚೆಸ್ಟರ್ ಬಿಟ್ಟು ಇನ್ನೊಂದಕ್ಕೆ ಬಂದು ಮೂರು ವರ್ಷವಾಯಿತು. ಎರಡರಲ್ಲೂ ಸೆಖೆಗೆ ಕೊರತೆಯಿಲ್ಲ. ಗಣಪತಿ ಬಡಾವಣೆಯಲ್ಲಿ, ಸತ್ಯಮಂಗಲದ ರಸ್ತೆಯ ಮೇಲೆ, ಗ್ರೈಂಡರ್ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಸರವಣಕುಮಾರ್ ಎಂಬುವವರು ಮಾಲೀಕರು, ನಾವು ಹನ್ನೊಂದು ಜನ. ತಿರುಪ್ಪೂರು, ಪಲ್ಲಡಂ ಕಡೆಯ ಬನಿಯನ್ನು, ಟೀ ಶರ್ಟು ಹೊಲಿಯುವ ಘಟಕಗಳಿಗೆ ಬೇಕಾದ ಸಾಫ್ಟ್‌ವೇರನ್ನು ಜಾವಾದಲ್ಲಿ ಬರೆಯುತ್ತೇವೆ. ಎಷ್ಟು ಬಟ್ಟೆ ಬಂತು, ಎಷ್ಟು ಕತ್ತರಿಸಿದ್ದಾಯಿತು, ಯಾವ ತುಂಡು ಯಾರ ಮಿಷನ್ನಿಗೆ ಹೋಯಿತು, ಇಂಥವು. ಜಗತ್ತನ್ನು ಬದಲಾಯಿಸುವ ಸಾಫ್ಟ್‌ವೇರಲ್ಲ. ಆದರೆ ಅದು ನಿಂತರೆ ಪಲ್ಲಡದಲ್ಲಿ ಕತ್ತರಿ ನಿಲ್ಲುತ್ತದೆ.

ಮೊದಲ ದಿನ ನನಗೆ ತಮಿಳಿನಲ್ಲಿ ಬರುತ್ತಿದ್ದದ್ದು ಎರಡೇ ಮಾತು. ‘ತೆರಿಯಾದು’ ಮತ್ತು ‘ಪೋದುಂ’. ಗೊತ್ತಿಲ್ಲ ಮತ್ತು ಸಾಕು. ಮಧ್ಯಾಹ್ನ ಡಬ್ಬಿ ಬಿಚ್ಚಿ ಒಬ್ಬಳೇ ಕೂತಿದ್ದಾಗ ಪಕ್ಕದ ಮೇಜಿನ ಹೆಂಗಸು ಏನೋ ಕೇಳಿದರು. ರಾಗ ತಮಿಳಿನದು, ಹಾಗಾಗಿ “ತೆರಿಯಾದು” ಎಂದೆ. ಅವರು ಮತ್ತೆ ನಿಧಾನವಾಗಿ ಕೇಳಿದರು: “ಉಪ್ಪಿನ್ಕಾಯಿ ಬೇಕಾ ಅಂತ ಕೇಳ್ದೆ. ಅದು ಕೂಡಾ ತೆರಿಯಾದಾ?” ಅದು ಕನ್ನಡ. ಉಪ್ಪಿನಕಾಯಿಗಾಗಿ ಅತ್ತವಳು ನಾನೊಬ್ಬಳೇ ಇರಬೇಕು.

ಕಮಲಾತಾಳ್ ಅವರದು ಅನ್ನೂರಿನ ಹತ್ತಿರದ ಬೇಸಾಯದ ಮನೆ. ಅವರ ಹಿರೀಕರು ಮೈಸೂರು ಸೀಮೆಯಿಂದ ಯಾವ ಕಾಲದಲ್ಲಿ ಇಳಿದು ಬಂದರೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಬಾರದು. ನನ್ನ ಫೋನಿನಲ್ಲಿ ಅಮ್ಮ ಕಳಿಸಿದ ಸಂದೇಶ ನೋಡಿ, “ಇದಾ ನಮ್ಮ ಎಳುತ್ತು? ದುಂಡ ದುಂಡಗೆ ಚೆಂದ ಇದೆ,” ಎಂದು ಬೇರೆಯವರ ಮಗುವನ್ನು ನೋಡುವ ಹಾಗೆ ನೋಡಿದ್ದರು. ಎಳುತ್ತು ಎಂದರೆ ಅಕ್ಷರ.

ಹನ್ನೆರಡನೇ ತರಗತಿ ಮುಗಿದ ವರ್ಷವೇ ಮದುವೆ. ಗಂಡ ಚಿನ್ನಸಾಮಿ ಅನ್ನೂರಿನ ಸಣ್ಣ ಮಿಲ್ಲೊಂದರಲ್ಲಿ ಫಿಟ್ಟರು. ಇವರು ತಿರುಪ್ಪೂರಿನ ಒಂದು ಘಟಕದಲ್ಲಿ ಲಾಟು ನಂಬರುಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸಕ್ಕೆ ಸೇರಿದರು. ದಿನಕ್ಕೆ ಎರಡು ಬಸ್ಸು ಹೋಗಲು, ಎರಡು ಬಸ್ಸು ಬರಲು. ಅಲ್ಲಿನ ಪ್ರೋಗ್ರಾಂ ಮೂವತ್ತೊಂದು ದಿನದ ತಿಂಗಳು ಮುಗಿದಾಗಲೆಲ್ಲ ಒಂದನೇ ತಾರೀಕಿನ ಬದಲು ಮೂವತ್ತೆರಡನೇ ತಾರೀಕು ಎಂದು ಅಚ್ಚು ಹಾಕುತ್ತಿತ್ತು. ಬರೆದವನು ಬೇರೆ ಕಂಪನಿಗೆ ಹೋಗಿ ಫೋನು ಎತ್ತುವುದನ್ನೇ ಬಿಟ್ಟಿದ್ದ. ಎಲ್ಲರೂ ನಕ್ಕು ಪೆನ್ನಿನಲ್ಲಿ ತಿದ್ದುತ್ತಿದ್ದರು. ಇವರಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಊಟದ ಹೊತ್ತಿನಲ್ಲಿ ಆ ಪ್ರೋಗ್ರಾಮನ್ನು ತೆರೆದು, ಅರ್ಥವಾಗದ ಭಾಷೆಯಲ್ಲಿ ಮೂವತ್ತೊಂದು ಎಂಬ ಅಂಕಿಯನ್ನು ಹುಡುಕತೊಡಗಿದರು. ನಾಲ್ಕನೇ ದಿನ ಸಿಕ್ಕಿತು.

ಆಮೇಲೆ ಭಾನುವಾರಗಳಲ್ಲಿ ಅವಿನಾಶಿಯ ತರಬೇತಿ ಕೇಂದ್ರವೊಂದರಲ್ಲಿ ಜಾವಾ ಕಲಿತರು. ಸರವಣಕುಮಾರ್ ಆ ಘಟಕಕ್ಕೆ ಹೊಸ ಸಾಫ್ಟ್‌ವೇರ್ ಹಾಕಲು ಹೋದಾಗ, ಕಮಲಾತಾಳ್ ಅದನ್ನು ಒಂದು ವಾರ ಬಳಸಿ ನೋಡಿ, ಅದರ ಹದಿನಾಲ್ಕು ತಪ್ಪುಗಳ ಪಟ್ಟಿಯನ್ನು ಕ್ಯಾಲೆಂಡರ್ ಹಾಳೆಯಲ್ಲಿ ಬರೆದು ಅವರ ಕೈಗಿಟ್ಟರು. ಬೇರೆ ಮಾಲೀಕರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವರು ಕೆಲಸ ಕೊಟ್ಟರು. ನಾನು ಸೇರುವ ಹೊತ್ತಿಗೆ ಕಮಲಕ್ಕ ಆ ಮೇಜಿನಲ್ಲೇ ಹದಿನೆಂಟು ವರ್ಷ ಕಳೆದಿದ್ದರು.

ನನ್ನ ಬಳಿ ಡಿಗ್ರಿ ಇತ್ತು, ಕೊಬ್ಬೂ ಇತ್ತು. ಕ್ಲಾಸು, ಆಬ್ಜೆಕ್ಟು ಎಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಕಮಲಕ್ಕ ಅದನ್ನು ಒಂದೇ ಮಾತಿನಲ್ಲಿ ಹೇಳಿದರು: “ಅಟ್ಟೆ ಇಟ್ಟು ಬಟ್ಟೆ ಕುಯ್ತಾರಲ್ಲ, ಆ ಅಟ್ಟೆ ಕ್ಲಾಸು. ಕುಯ್ದ ಪೀಸು ಆಬ್ಜೆಕ್ಟು. ಅಟ್ಟೇನ ಯಾರೂ ಉಟ್ಕೊಳಲ್ಲ.” ಅಟ್ಟೆ ಎಂದರೆ ಅಳತೆಯ ರಟ್ಟು. ನಾಲ್ಕು ವರ್ಷದ ಕಾಲೇಜು ಇದನ್ನು ಇಷ್ಟು ಚೆನ್ನಾಗಿ ಹೇಳಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ನನ್ನ ಮೊದಲ ಕೆಲಸ ಕೆಲಸಗಾರರ ಪಟ್ಟಿ. ಹೆಸರು ಮತ್ತು ಇನಿಷಿಯಲ್ ಎರಡೂ ಒಂದೇ ಆದರೆ ಆಳೂ ಒಂದೇ ಎಂದು ಬರೆದಿದ್ದೆ. ಪಲ್ಲಡದ ಆ ಘಟಕದಲ್ಲಿ ಎಂ. ಮಣಿ ಎಂಬುವವರು ಮೂವರಿದ್ದರು. ಪ್ರೋಗ್ರಾಂ ಓಡಿಸಿದ ಕೂಡಲೇ ಇಬ್ಬರು ಮಣಿಗಳು ಪರದೆಯಿಂದ ಮಾಯ. “ಹೆಸ್ರು ಒಂದೇ ಅಂದ್ರೆ ಆಳು ಒಂದೇನಾ? ನಿಮ್ಮೂರಲ್ಲಿ ಧನಶ್ರೀ ನೀನೊಬ್ಳೇನಾ?” ಎಂದು ಕೇಳಿ, ಟೋಕನ್ ನಂಬರಿನಿಂದ ಹೋಲಿಸುವುದನ್ನು ಪಕ್ಕದಲ್ಲಿ ಕೂತು ಬರೆಸಿದರು. ಮಣಿಗಳು ಮೂವರೂ ವಾಪಸು ಬಂದರು.

ಇನ್ನೊಂದು ಪಾಠವನ್ನು ಅವರು ಎರಡು ಸಲ ಹೇಳಿದ್ದರು. ಜಾವಾದಲ್ಲಿ ಇರಬೇಕಾದ ವಸ್ತು ಇಲ್ಲದಿದ್ದರೆ ಅದನ್ನು ನಲ್ ಎನ್ನುತ್ತಾರೆ. ಇಲ್ಲದ ವಸ್ತುವನ್ನು ಮುಟ್ಟಲು ಹೋದರೆ ಪ್ರೋಗ್ರಾಂ ಕಿರುಚಿಕೊಂಡು ನಿಲ್ಲುತ್ತದೆ. ನಮ್ಮಂಥ ಹೊಸಬರು ಮಾಡುವ ಸುಲಭದ ಉಪಾಯವೆಂದರೆ, ‘ಇಲ್ಲದಿದ್ದರೆ ಸುಮ್ಮನಿರು’ ಎಂದು ಒಂದು ಸಾಲು ಸೇರಿಸಿ ಅದರ ಬಾಯಿ ಮುಚ್ಚಿಸುವುದು. ಕಮಲಕ್ಕನಿಗೆ ಅದು ಆಗದು. “ಊಟಕ್ಕೆ ಕರೆದೋರು ಬರ್ಲಿಲ್ಲಾಂದ್ರೆ ಎಲೆ ಎತ್ತಿಬಿಟ್ಟು ಸುಮ್ನಾಗ್ತೀಯಾ? ಯಾಕೆ ಬರ್ಲಿಲ್ಲ ಅಂತ ಕೇಳ್ಬೇಕಲ್ಲ.” ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೆ ಏನು ಖರ್ಚು?

ನಾನು ಸೇರಿದ ಎರಡನೇ ತಿಂಗಳಿನಲ್ಲಿ ಸರವಣಕುಮಾರ್ ಎಲ್ಲರನ್ನೂ ಕೂರಿಸಿ ಒಂದು ಸಂಗತಿ ಹೇಳಿದರು. ದೊಡ್ಡ ರಫ್ತು ಕಂಪನಿಯೊಂದರ ಕೆಲಸ ಬರುವ ಹಾಗಿದೆ. ಅದಕ್ಕೆ ಒಬ್ಬರು ಮುಖ್ಯಸ್ಥರು ಬೇಕು. ಆ ಕಂಪನಿಯವರು ಡಿಗ್ರಿ ಇರುವವರ ಹೆಸರನ್ನೇ ಕೇಳುತ್ತಿದ್ದಾರೆ. “ನನಗೆ ಕಮಲಾತಾಳ್ ಅವರ ಮೇಲೆ ನಂಬಿಕೆ ಇದೆ, ಆದರೆ ಆ ಕಂಪನಿಯವರಿಗೆ ತೋರಿಸಲು ಏನಾದರೂ ಬೇಕು,” ಎಂದರು. ಪಲ್ಲಡದ ಘಟಕಕ್ಕೆ ಬಣ್ಣ ಹೋಲಿಸುವ ಹೊಸ ಪ್ರೋಗ್ರಾಂ ಮಾಡಿ, ಮೂರು ವಾರ ಸರಿಯಾಗಿ ನಡೆಸಿದರೆ ಅದನ್ನೇ ತೋರಿಸಿ ಮುಖ್ಯಸ್ಥರ ಜಾಗ ಕಮಲಕ್ಕನಿಗೆ. ಇಲ್ಲದಿದ್ದರೆ ಹೊರಗಿನಿಂದ ಒಬ್ಬ ಎಂಜಿನಿಯರನ್ನು ತರುತ್ತಾರೆ. ಆಗ ಆ ಮೇಜು ಅವನಿಗೆ ಬೇಕು, ಕಮಲಕ್ಕ ಗ್ರಾಹಕರ ದೂರು ಕೇಳುವ ಫೋನಿಗೆ ಹೋಗಬೇಕು.

ಹದಿನೆಂಟು ವರ್ಷ ಪ್ರೋಗ್ರಾಂ ಬರೆದವರು ಇನ್ನು ಮೇಲೆ ಹಲೋ ಹಲೋ ಅನ್ನಬೇಕು ಎಂದರೆ ನಾನಾಗಿದ್ದರೆ ಕುರ್ಚಿ ಎತ್ತುತ್ತಿದ್ದೆ. ಕಮಲಕ್ಕ “ಸರೀಂಗ” ಎಂದರು. ಅಷ್ಟೇ.

ಕೆಲಸ ಹೀಗಿತ್ತು. ಬಟ್ಟೆ ಬಣ್ಣದ ಮನೆಯಿಂದ ಲಾಟು ಲಾಟಾಗಿ ಬರುತ್ತದೆ, ಒಂದು ಸಲಕ್ಕೆ ಬಣ್ಣದಲ್ಲಿ ಅದ್ದಿ ತೆಗೆದಷ್ಟು ಬಟ್ಟೆ ಒಂದು ಲಾಟು. ನೀಲಿ ಎಂದರೆ ನೀಲಿಯೇ, ಆದರೂ ಒಂದು ಲಾಟಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ವ್ಯತ್ಯಾಸ ಹೆಚ್ಚಾದರೆ ಆ ಲಾಟನ್ನು ಬೇರೆ ಇಡಬೇಕು, ಇಲ್ಲದಿದ್ದರೆ ಅಂಗಿಯ ಎದೆ ಒಂದು ನೀಲಿ, ತೋಳು ಇನ್ನೊಂದು ನೀಲಿ ಆಗುತ್ತದೆ. ಬಣ್ಣ ಅಳೆಯುವ ಒಂದು ಸಣ್ಣ ಯಂತ್ರ ಪ್ರತಿ ಲಾಟಿಗೂ ಒಂದು ಅಂಕಿ ಕೊಡುತ್ತದೆ. ಉಳಿದದ್ದು ನಮ್ಮ ಪ್ರೋಗ್ರಾಮಿನ ಪಾಲು.

ಕಮಲಕ್ಕ ನನ್ನನ್ನು ಕೂರಿಸಿಕೊಂಡು ಕನ್ನಡದಲ್ಲೇ ವಿವರಿಸಿದರು: “ಲಾಟುಗಳನ್ನ ಸರಪಳಿ ಮಾಡಿ ಜೋಡ್ಸು. ಒಂದೊಂದು ಲಾಟನ್ನೂ ಮುಂದಿನ ಲಾಟಿನ ಜೊತೆ ಇಟ್ಟು ನೋಡು. ವ್ಯತ್ಯಾಸ ಜಾಸ್ತಿ ಇದ್ರೆ ಆ ಲಾಟನ್ನ ನಿಲ್ಸು.” ಅವರ ಮನೆಯಲ್ಲಿ ಕಡಲೆಕಾಯಿ ಕೀಳುವ ಸಮಯ. ಮೂರು ದಿನ ರಜೆ ಹಾಕಿ ಹೋದರು. ನನಗಿನ್ನೂ ಸ್ವಂತ ಲಾಗಿನ್ ಬಂದಿರಲಿಲ್ಲ. ಆ ಕೆಲಸ ನೋಡಿಕೊಳ್ಳುವ ಇಳಂಗೋ ದಿನಾ ನಾಳೆ ಎನ್ನುತ್ತಿದ್ದ. ಹಾಗಾಗಿ ಕಮಲಕ್ಕ ತಮ್ಮ ಲಾಗಿನ್ನನ್ನೇ ತೆರೆದುಕೊಟ್ಟು ಹೋಗಿದ್ದರು.

ಅವರು ಹೇಳಿದ ಹಾಗೆಯೇ ಬರೆದೆ. ಪ್ರತಿ ಲಾಟನ್ನೂ ಅದರ ಮುಂದಿನ ಲಾಟಿನ ಜೊತೆ ಹೋಲಿಸಿದೆ. ಓಡಿಸಿದರೆ ಕೊನೆಯ ಲಾಟಿನ ಹತ್ತಿರ ಬಂದು ಕಿರುಚಿಕೊಂಡು ನಿಂತಿತು. ನಲ್. ಕೊನೆಯ ಲಾಟಿಗೆ ಮುಂದಿನದು ಎಲ್ಲಿಂದ ಬರಬೇಕು? ನಾನು ಒಂದು ಸಾಲು ಸೇರಿಸಿದೆ: ಮುಂದಿನ ಲಾಟು ಇಲ್ಲದಿದ್ದರೆ ‘ಕಾಯಿರಿ’ ಎಂದು ತೋರಿಸು. ಕಿರುಚಾಟ ನಿಂತಿತು. ಹೆಣೆದ ಬಟ್ಟೆಯನ್ನು ಕತ್ತರಿಸುವ ಮುನ್ನ ಹೇಗೂ ಒಂದು ದಿನ ಬಿಚ್ಚಿ ಹರಡಿ ಬಿಡುತ್ತಾರೆ, ಅಷ್ಟರೊಳಗೆ ಇನ್ನೊಂದು ಲಾಟು ಬರುತ್ತದೆ. ಹಾಗಾಗಿ ‘ಕಾಯಿರಿ’ ಎಂದರೆ ಪಲ್ಲಡದಲ್ಲಿ ಯಾರಿಗೂ ವಿಚಿತ್ರ ಅನಿಸಲಿಲ್ಲ. ಕಮಲಕ್ಕ ರಜೆಯಿಂದ ಬರುವಷ್ಟರಲ್ಲಿ ಪ್ರೋಗ್ರಾಂ ಪಲ್ಲಡಕ್ಕೆ ಹೋಗಿ ಕೂತಾಗಿತ್ತು. “ಕೈಯಲ್ಲಿ ಓಡಿಸಿದ್ಯಾ?” ಎಂದು ಕೇಳಿದರು. “ಹೂಂ ಅಕ್ಕ,” ಎಂದೆ. ಓಡಿಸಿರಲಿಲ್ಲ. ಒಂದು ಚೀಲ ಹಸಿ ಕಡಲೆಕಾಯಿ ತಂದುಕೊಟ್ಟರು. ಬೇಯಿಸಿ ತಿಂದೆ.

ಮೂರನೇ ವಾರದ ಬುಧವಾರ ಬೆಳಿಗ್ಗೆ ಪಲ್ಲಡದಿಂದ ಕೃಷ್ಣಸಾಮಿ ಫೋನು ಮಾಡಿದರು. ಅವರು ಆ ಘಟಕದ ಕಟಿಂಗ್ ಮಾಸ್ಟರು. ಸ್ಪೀಕರಿನಲ್ಲಿ ಅವರ ದನಿ ಇಡೀ ಆಫೀಸಿಗೆ ಕೇಳುತ್ತಿತ್ತು. ಕಡುನೀಲಿ ಅಂಗಿಗಳ ಒಂದು ದೊಡ್ಡ ಕಟ್ಟಿನಲ್ಲಿ ಎದೆಯ ಬಣ್ಣವೇ ಬೇರೆ, ತೋಳಿನ ಬಣ್ಣವೇ ಬೇರೆ. ಏಳನೇ ಲಾಟಿನಿಂದ ಬಣ್ಣ ತಿರುಗಿದೆ. ನಿಮ್ಮ ಪ್ರೋಗ್ರಾಂ ಸರಿಯಿದ್ದ ಆರನೇ ಲಾಟನ್ನು ಹಿಡಿದು ನಿಲ್ಲಿಸಿ, ಕೆಟ್ಟ ಏಳನೆಯದನ್ನು ಕತ್ತರಿಗೆ ಬಿಟ್ಟಿದೆ. “ಕಳ್ಳನ್ನ ಬಿಟ್ಟು ಪಕ್ಕದ ಮನೆಯವನ್ನ ಹಿಡಿದ ಹಂಗಾಯ್ತು,” ಎಂದು ತಮಿಳಿನಲ್ಲಿ ಬೈದರು.

ಯಾವ ಸಾಲನ್ನು ಯಾರು ಬರೆದರು ಎಂಬ ದಾಖಲೆ ನಮ್ಮಲ್ಲಿ ತಾನಾಗಿಯೇ ಉಳಿಯುತ್ತದೆ. ಸರವಣಕುಮಾರ್ ಅದನ್ನು ತೆರೆದರು. ಬಣ್ಣ ಹೋಲಿಸುವ ಸಾಲುಗಳ ಮುಂದೆಲ್ಲ ಒಂದೇ ಹೆಸರು, ಕಮಲಾತಾಳ್. ಸರವಣಕುಮಾರ್ “ಶುಕ್ರವಾರ ಮಾತಾಡೋಣ,” ಎಂದು ಒಳಗೆ ಹೋದರು. ಶುಕ್ರವಾರ ಎಂದರೆ ಫೋನಿನ ಮೇಜು ಎಂದು ಎಲ್ಲರಿಗೂ ತಿಳಿಯಿತು. ಕಮಲಕ್ಕ, “ನೋಡ್ತೀನೀಂಗ,” ಎಂದು ತಮ್ಮ ಕನ್ನಡಕ ಒರೆಸಿಕೊಂಡರು.

ನಾನು ಬಾಯಿಬಿಡಲಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ಇಡೀ ದಿನ ಬಾಯಿಬಿಡಲಿಲ್ಲ. ಶನಿವಾರಕ್ಕೆ ನನ್ನ ಮೂರು ತಿಂಗಳ ಪ್ರೊಬೇಷನ್ ಮುಗಿಯುತ್ತಿತ್ತು. ಅದು ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ಕೆಟ್ಟದ್ದು. ಅಕ್ಕ ಹೇಳಿದ್ದನ್ನೇ ತಾನೇ ನಾನು ಬರೆದದ್ದು, ತಪ್ಪು ಹೇಳಿದವರು ಅವರೇ, ನಾನೇಕೆ ತಲೆ ಕೊಡಲಿ ಎಂದು ಒಳಗೊಳಗೇ ಸಿಟ್ಟು ಬೇಯುತ್ತಿತ್ತು. ಮೂಗಿನ ತುದಿಯ ಕೋಪ ನನ್ನದು. ಅದು ತಪ್ಪು ಮಾಡಿದಾಗ ಇನ್ನೂ ಬೇಗ ಬರುತ್ತದೆ.

ಸಂಜೆ ಇಬ್ಬರೂ ಒಟ್ಟಿಗೇ ಬಸ್ ಸ್ಟಾಪಿಗೆ ಬಂದೆವು. ನನ್ನ ಹಾಸ್ಟೆಲು ಸರವಣಂಪಟ್ಟಿಯಲ್ಲಿ, ಅದೇ ದಾರಿ. ‘ಅಕ್ಕ, ನೀವೇ ಹಾಗೆ ಹೇಳಿದ್ದು’ ಎಂದು ಹೇಗೆ ಶುರುಮಾಡುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅನ್ನೂರಿನ ಬಸ್ಸು ಬಂತು. ಬಾಗಿಲಿನಲ್ಲೇ ಜನ ಜೋತಾಡುತ್ತಿದ್ದರು. ನಿಲ್ಲಿಸದೇ ಹೋಯಿತು.

“ಹೋಗ್ಲಿ ಬಿಡಿ ಅಕ್ಕ,” ಎಂದೆ. “ಮುಂದಿನ ಬಸ್ಸಿಗೆ ಹೋದ್ರಾಯ್ತು.”

ಕಮಲಕ್ಕ ನನ್ನ ಮುಖ ನೋಡಿದರು. “ಮುಂದಿನ ಬಸ್ಸಿಗಾ? ಅದು ಆಗ್ಲೇ ಹೋಯ್ತಲ್ಲ ಅಮ್ಮಿಣಿ.”

“ಇನ್ನೂ ಬಂದೇ ಇಲ್ಲ, ಹೇಗೆ ಹೋಗುತ್ತೆ?”

“ಇದಕ್ಕೆ ಮುಂಚೆ ಒಂದು ಹೋಯ್ತಲ್ಲ, ಆರಕ್ಕೆ. ಅದೇ ಮುಂದಿನ ಬಸ್ಸು. ನೀನು ಹೇಳೋದು ಅಡುತ್ತ ಬಸ್ಸು.”

ಅಡುತ್ತ ಎಂದರೆ ಇನ್ನು ಬರುವುದು. ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಕಮಲಕ್ಕ ಚೀಲದಿಂದ ಒಂದು ಕ್ಯಾಲೆಂಡರ್ ಹಾಳೆ ತೆಗೆದು ಒಂದು, ಎರಡು, ಮೂರು ಎಂದು ಅಂಕಿ ಬರೆದರು. “ಎರಡನೇ ಲಾಟಿಗೆ ಮುಂದಿನ ಲಾಟು ಯಾವ್ದು? ತೋರ್ಸು.” ನಾನು ಬೆರಳಿಟ್ಟೆ, ಅವರೂ ಬೆರಳಿಟ್ಟರು. ನನ್ನ ಬೆರಳು ಮೂರರ ಮೇಲಿತ್ತು, ಅವರದು ಒಂದರ ಮೇಲೆ.

ತಮಿಳಿನಲ್ಲಿ ‘ಮುಂದಿನ’ ಎಂದರೆ ಮುಂಚಿನದು, ಆಗಿಹೋದದ್ದು. ತಲೆತಲೆಮಾರಿನಿಂದ ತಮಿಳಿನ ನಡುವೆ ಬಾಳಿದ ಅವರ ಮನೆಗನ್ನಡದಲ್ಲೂ ಅದು ಹಾಗೆಯೇ ಇದೆ. ಅವರ ಮುಂದಿನ ವಾರ ನಮ್ಮ ಹೋದ ವಾರ. ಕಮಲಕ್ಕ ಹೇಳಿದ್ದು ಪ್ರತಿ ಲಾಟನ್ನೂ ಅದಕ್ಕಿಂತ ಮುಂಚೆ ಬಂದ ಲಾಟಿನ ಜೊತೆ ಹೋಲಿಸು ಎಂದು. ನಾನು ಅದನ್ನು ಇನ್ನೂ ಬಾರದ ಲಾಟಿನ ಜೊತೆ ಹೋಲಿಸಿದೆ. ಬಣ್ಣ ತಿರುಗಿದ್ದು ಏಳರಲ್ಲಿ. ಆರಕ್ಕೂ ಏಳಕ್ಕೂ ವ್ಯತ್ಯಾಸ ಕಂಡ ಪ್ರೋಗ್ರಾಂ, ನಾನು ಹೇಳಿಕೊಟ್ಟ ಹಾಗೆ, ಆರನ್ನು ನಿಲ್ಲಿಸಿತು. ಅವರು ತಮಿಳಿನಲ್ಲಿ ಹೇಳಿದ್ದರೆ ನಾನು ಮೂರು ಸಲ ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದೆ. ಕನ್ನಡ ಎಂದೇ ಕೇಳಲಿಲ್ಲ.

ಕಮಲಕ್ಕ ನಕ್ಕರು. ಬಾಯಿಗೆ ಸೆರಗು ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಕ್ಕೆ. ಯಾರದ್ದೂ ತಪ್ಪಲ್ಲ, ಮಾತಿನ ತಪ್ಪು ಎಂದು ನನ್ನನ್ನು ನಾನೇ ಬಿಡುಗಡೆ ಮಾಡಿಕೊಂಡಿದ್ದೆ. ಆಗ ಅವರು ಹಾಳೆಯ ಮೇಲಿನ ಮೂರನ್ನು ಪೆನ್ಸಿಲಿನಿಂದ ತಟ್ಟಿದರು.

“ಆದ್ರೆ ಕಡೇ ಲಾಟಿಗೆ ಅಡುತ್ತದು ಇರಲ್ವಲ್ಲ. ಅಲ್ಲಿ ನಿಂತಿರ್ಬೇಕಲ್ಲ ಪ್ರೋಗ್ರಾಮು?”

“ನಿಂತಿತ್ತು,” ಎಂದೆ.

“ಏನ್ ಮಾಡ್ದೆ?”

“ಇಲ್ಲದಿದ್ರೆ ‘ಕಾಯಿರಿ’ ಅಂತ ಹಾಕ್ದೆ.”

ಅವರು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬಸ್ಸು ಬಂತು, “ಸರಿ ಅಮ್ಮಿಣಿ, ಪಾರ್ತು ಹೋಗು,” ಎಂದು ಹತ್ತಿದರು. ಪಾರ್ತು ಎಂದರೆ ನೋಡಿಕೊಂಡು. ಹೇಳಿದ್ದು ರಸ್ತೆಯ ಬಗ್ಗೆಯೇ ಇರಬೇಕು.

ರಾತ್ರಿ ಹಾಸ್ಟೆಲಿನಲ್ಲಿ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದೆ. ಅಕ್ಕನ ಮಾತು ಎರಡು ಅರ್ಥದ್ದು, ನಿಜ. ಆದರೆ ಪ್ರೋಗ್ರಾಮಿಗೆ ಒಂದೇ ಅರ್ಥ. ಹೋಲಿಸಲು ನನ್ನ ಹತ್ತಿರ ಏನೂ ಇಲ್ಲ ಎಂದು ಅದು ಮೊದಲ ದಿನವೇ ಕೂಗಿ ಹೇಳಿತ್ತು. ಯಾಕೆ ಇಲ್ಲ ಎಂದು ಒಂದೇ ಒಂದು ಸಲ ಕೇಳಿದ್ದರೆ, ಅಂದೇ ಕಮಲಕ್ಕನಿಗೆ ಒಂದು ಫೋನು ಮಾಡಿದ್ದರೆ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ. ಎರಡು ಸಲ ಬೇಡವೆಂದು ಹೇಳಿಸಿಕೊಂಡು, ಮುಚ್ಚಿಸಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಮುಂಚೆಯೇ ಆಫೀಸಿಗೆ ಹೋದೆ. ಎಲ್ಲ ಹೇಳಿಬಿಡುವುದು, ಕೆಲಸ ಹೋದರೆ ಹೋಗಲಿ ಎಂದು ದೊಡ್ಡ ಶೂರಳ ಹಾಗೆ ಮೆಟ್ಟಿಲು ಹತ್ತಿದೆ. ಕಮಲಕ್ಕ ಆಗಲೇ ಬಂದಿದ್ದರು. ಅವರು ತಮ್ಮ ಮೇಜಿನಲ್ಲಿರಲಿಲ್ಲ. ಮೂಲೆಯ ಫೋನಿನ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕ್ಯಾಲೆಂಡರ್ ಹಾಳೆಗಳ ಕಟ್ಟು ಅಲ್ಲಿಗೆ ಹೋಗಿತ್ತು.

ನಾನು ನೇರ ಸರವಣಕುಮಾರ್ ಕೋಣೆಗೆ ನುಗ್ಗಿದೆ. “ಸಾರ್, ಆ ಸಾಲುಗಳು ನನ್ನವು. ಅಕ್ಕನ ಲಾಗಿನ್ನಿನಲ್ಲಿ ನಾನು ಬರೆದದ್ದು,” ಎಂದು ನನ್ನ ಹರಕು ಮುರುಕು ತಮಿಳಿನಲ್ಲಿ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

“ಗೊತ್ತು,” ಎಂದರು. “ಎಂಟೂವರೆಗೆ ಕಮಲಾತಾಳ್ ಬಂದು ಹೇಳಿದರು. ಬರೆದ ಕೈ ನಿನ್ನದಂತೆ. ಆದರೆ ಮಾತು ಅವರದು, ಹೆಸರು ಅವರದು, ಅದಕ್ಕೇ ತಪ್ಪೂ ಅವರದಂತೆ. ಫೋನಿಗೆ ಹೋಗುತ್ತೇನೆ, ಹುಡುಗಿಯನ್ನು ಕಾಯಂ ಮಾಡಿ ಅಂದರು. ಆಮೇಲೆ ಇಳಂಗೋ ಹತ್ತಿರ ಹೇಳಿಸಿ ನಿನಗೊಂದು ಲಾಗಿನ್ ಕೊಡಿಸಿ ಹೋದರು.”

ನಾನು ಕೊಡಲೆಂದು ತಂದಿದ್ದನ್ನು ಅವರು ಅರ್ಧ ಗಂಟೆ ಮೊದಲೇ ಕೊಟ್ಟುಬಿಟ್ಟಿದ್ದರು. ಅದೂ ಹದಿನೆಂಟು ವರ್ಷದ ಮೇಜು.

“‘ಕಾಯಿರಿ’ ವಿಷಯ ಹೇಳಿದರಾ?” ಎಂದು ಕೇಳಿದೆ.

“ಯಾವ ಕಾಯಿರಿ?”

ಹೇಳಿರಲಿಲ್ಲ. ನಾನು ಹೇಳಿದೆ. ತಮಿಳು ಸಾಲದ ಕಡೆ ಕನ್ನಡ, ಅದೂ ಸಾಲದ ಕಡೆ ಇಂಗ್ಲಿಷು, ಕೈ ಬಾಯಿ ಎಲ್ಲ ಸೇರಿಸಿ ಹೇಳಿದೆ. ಮಾತು ತಪ್ಪಾಗಿ ಕೇಳಿಸಿದ್ದು ಯಾರ ತಪ್ಪೂ ಅಲ್ಲದಿರಬಹುದು ಸಾರ್, ಆದರೆ ಪ್ರೋಗ್ರಾಂ ಕೂಗಿದಾಗ ಕಿವಿ ಮುಚ್ಚಿಕೊಂಡದ್ದು ನನ್ನ ತಪ್ಪು. ಅದನ್ನು ಮಾಡಬೇಡ ಎಂದು ಅಕ್ಕ ಎರಡು ಸಲ ಹೇಳಿದ್ದರು. ಕೈಯಲ್ಲಿ ಓಡಿಸಿದೆ ಎಂದು ಸುಳ್ಳೂ ಹೇಳಿದ್ದೇನೆ. ಡಿಗ್ರಿ ಇರುವವಳು ನಾನು, ಈ ಮೂರನ್ನೂ ಮಾಡಿದವಳೂ ನಾನೇ. ಡಿಗ್ರಿ ಇರುವ ಇನ್ನೊಬ್ಬರನ್ನು ತಂದು ಅವರ ಜಾಗದಲ್ಲಿ ಕೂರಿಸುತ್ತೀರಾ? ಕೊನೆಯ ಮಾತು ಸ್ವಲ್ಪ ಜೋರಾಗಿಯೇ ಬಂತು.

ಸರವಣಕುಮಾರ್ ಕಮಲಕ್ಕನನ್ನು ಕರೆಸಿದರು. “ಈ ಹುಡುಗಿ ಹಾಕಿದ ಸಾಲಿನ ಬಗ್ಗೆ ನಿಮಗೆ ಗೊತ್ತಿತ್ತಾ?”

“ನಿನ್ನೆ ಸಂಜೆ ಗೊತ್ತಾಯಿತು.”

“ಮತ್ತೆ ನನಗೇಕೆ ಹೇಳಲಿಲ್ಲ?”

“ಅದು ಅವಳು ಹೇಳಬೇಕಾದ್ದು,” ಎಂದರು ಕಮಲಕ್ಕ. ಅಷ್ಟು ಹೇಳಿ, ಒದ್ದೆ ಬಟ್ಟೆ ಕೈಯಲ್ಲೇ ಇದೆಯೆಂದು ನೋಡಿ ಬೆನ್ನ ಹಿಂದೆ ಮರೆಮಾಡಿದರು.

ಸರವಣಕುಮಾರ್ ತಲೆ ಕೆರೆದುಕೊಂಡರು. ಮೊದಲು ಸರಿಮಾಡಿ ತೋರಿಸಿ ಎಂದರು. ಕಮಲಕ್ಕ ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಐದು, ಆರು, ಏಳು, ಎಂಟು ಎಂದು ಬರೆದು, ಪ್ರತಿ ಲಾಟಿನ ಬಣ್ಣದ ಅಂಕಿಯನ್ನು ಕೆಳಗೆ ಹಾಕಿ, ಪೆನ್ಸಿಲನ್ನು ಮಾಲೀಕರ ಕೈಗೇ ಕೊಟ್ಟರು. “ಹೋದ ಲಾಟಿನ ಜೊತೆ ಇಟ್ಟು ನೋಡೀಂಗ.” ಆರನ್ನು ಐದರ ಜೊತೆ ನೋಡಿದರು, ಸರಿಯಿತ್ತು. ಏಳನ್ನು ಆರರ ಜೊತೆ ನೋಡಿದರು, ಪೆನ್ಸಿಲು ನಿಂತಿತು. ಅವರೇ ಏಳಕ್ಕೆ ಸುತ್ತ ಗೆರೆ ಹಾಕಿದರು. ಎಂಟನ್ನು ಮತ್ತೆ ಆರರ ಜೊತೆಯೇ ನೋಡಬೇಕು, ನಿಲ್ಲಿಸಿದ ಲಾಟು ಅಳತೆಗೋಲಾಗಬಾರದು ಎಂದು ಕಮಲಕ್ಕ ತಿಳಿಸಿದರು. ಮೊಟ್ಟಮೊದಲ ಲಾಟಿಗೆ ಹಿಂದೆ ಯಾವುದೂ ಇಲ್ಲವಲ್ಲ, ಅಲ್ಲಿ ನಲ್ ಬರುತ್ತದೆ, ಏನು ಮಾಡುವುದು ಎಂದು ಈ ಸಲ ನಾನೇ ಕೇಳಿದೆ. ಅದಕ್ಕೆ ಗ್ರಾಹಕರು ಒಪ್ಪಿ ಸಹಿ ಹಾಕಿದ ಬಟ್ಟೆ ತುಂಡಿನ ಜೊತೆ ಹೋಲಿಕೆ ಎಂದು ತೀರ್ಮಾನವಾಯಿತು.

ಸರವಣಕುಮಾರ್ ಆ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ರಫ್ತು ಕಂಪನಿಯವರಿಗೆ ಇದನ್ನೇ ತೋರಿಸುತ್ತೇನೆ, ಒಪ್ಪಿದರೆ ಈ ಕೆಲಸದ ಮುಖ್ಯಸ್ಥರು ನೀವೇ, ಒಪ್ಪದಿದ್ದರೆ ಆ ಕೆಲಸವೇ ನನಗೆ ಬೇಡ ಎಂದು ಕಮಲಕ್ಕನಿಗೆ ಹೇಳಿದರು. ನನಗೆ ಇನ್ನೂ ಮೂರು ತಿಂಗಳು ಪ್ರೊಬೇಷನ್, ಕಮಲಕ್ಕನ ಕೈಕೆಳಗೆ. ಶಿಕ್ಷೆ ಎಂದು ಕೊಟ್ಟದ್ದು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ರಫ್ತು ಕಂಪನಿಯವರು ಒಪ್ಪಿದರು. ಈಗ ಕಮಲಕ್ಕ ಆರು ಜನರಿಗೆ ಮುಖ್ಯಸ್ಥರು. ಆಫೀಸಿನಲ್ಲಿ ನಾವಿಬ್ಬರೂ ‘ಮುಂದಿನ’ ಎಂಬ ಪದವನ್ನೇ ಬಿಟ್ಟಿದ್ದೇವೆ. ‘ಹೋದ ಲಾಟು’, ‘ಬರೋ ಲಾಟು’ ಎನ್ನುತ್ತೇವೆ. ನನ್ನ ಪ್ರೋಗ್ರಾಂ ಕಿರುಚಿಕೊಂಡಾಗ ನಾನು ಈಗ ಕೈ ಕಟ್ಟಿ ಕೂತು ಕೇಳುತ್ತೇನೆ. ನನಗೆ ಈ ಕೆಲಸ ಕಲಿಸಿದವರು ಯಾರು ಎಂದು ಕೇಳಿದರೆ ಕಾಲೇಜಿನ ಹೆಸರು ಬಾಯಿಗೆ ಬರುವುದಿಲ್ಲ.

ಆ ಗುರುವಾರದ ಒಂದು ಸಂಗತಿ ಉಳಿಯಿತು. ಹಾಳೆಯ ಮೇಲೆ ಎಲ್ಲ ಮುಗಿದ ಮೇಲೆ ಕಮಲಕ್ಕ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ನನ್ನ ಹೊಸ ಲಾಗಿನ್ ತೆರೆಸಿ, ತಿದ್ದುಪಡಿಯನ್ನು ನನ್ನ ಕೈಯಲ್ಲೇ ಬರೆಸಿದರು. ನೀವೇ ಬರೆಯಿರಿ ಅಕ್ಕ, ನಿಮ್ಮ ಹೆಸರಿನಲ್ಲೇ ಸರಿಹೋಗಲಿ ಎಂದು ಬೇಡಿಕೊಂಡೆ. “ನಂಗೆ ಹೆಸ್ರು ಆಗ್ಲೇ ಇದೆ. ನೀನು ಹೊಸಬಳು,” ಎಂದರು. ಯಾವ ಸಾಲು ಯಾರದೆಂಬ ದಾಖಲೆಯನ್ನು ಆಮೇಲೆ ಯಾರೂ ಬದಲಿಸುವುದಿಲ್ಲ, ಬದಲಿಸಲೂಬಾರದು. ಹಾಗಾಗಿ ಇವತ್ತು ಯಾರು ಆ ಫೈಲನ್ನು ತೆರೆದರೂ, ತಪ್ಪು ಬರೆದವರು ಕಮಲಾತಾಳ್, ತಿದ್ದಿದವರು ಧನಶ್ರೀ ಎಂದೇ ಓದುತ್ತಾರೆ. ಅದಕ್ಕೇ ಇದನ್ನು ಬರೆದಿದ್ದೇನೆ.